ಓಣಿಯನ್ನು ಕೇಳಿ ಹಚ್ಚಿದ ಗಿಡಗಳು

ಎದುರು ಮನೆಯ ಚಾಚಾ ಆ ದಿನ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಬಂದು ನಿಂತಾಗ ಅವರ ಕೈಯಲ್ಲಿ ಬೇರಿನ ಒಂದು ದೊಡ್ಡ ಮುದ್ದೆ ಇತ್ತು. ಬಿಚ್ಚಿದ ಜಡೆಯನ್ನು ನೀರಲ್ಲಿ ಅದ್ದಿ ತೆಗೆದ ಹಾಗೆ, ಕಂದು ಬಣ್ಣದ ಎಳೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು, ಪೈಪಿನ ಒಳಗೆ ಇದ್ದ ಆಕಾರದಲ್ಲೇ ಉದ್ದಕ್ಕೆ ಗಟ್ಟಿಯಾಗಿದ್ದವು. ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಬಾಯಾರ, ಜರಾ ನೋಡ್ರಿ ಇಲ್ಲಿ," ಅಂದರು. "ನಮ್ಮ ನಳದಾಗ ನೀರ್ ಯಾಕ ಬರವಲ್ದು ಅಂತ ಹದಿನೈದ್ ದಿನದಿಂದ ಹುಡಕಾಕತ್ತಿದ್ವಿ. ಇದು ಒಳಗ ಕುಂತಿತ್ತು."

ಆ ಬೇರು ಯಾವ ಗಿಡದ್ದು ಅನ್ನುವುದು ನೋಡಿದ ಕೂಡಲೇ ಗೊತ್ತಾಗಿತ್ತು. ಆ ಗಿಡವನ್ನು ನಮ್ಮ ಓಣಿಗೆ ತಂದವಳು ನಾನು.

ನಮ್ಮ ಮನೆ ಇರುವುದು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಅದಕ್ಕೇ ಓಣಿಗೆಲ್ಲ ಬಾಯಾರು; ಈಗ ನಿವೃತ್ತಿಯಾಗಿದೆ. ಚಾಚಾ ಬೇರು ತಂದ ಆ ದಿನಕ್ಕೂ ನಾಲ್ಕು ವರ್ಷ ಹಿಂದೆ ನಮ್ಮ ಓಣಿಗೆ ಸಿಮೆಂಟ್ ರಸ್ತೆ ಆಯಿತು, ಎರಡೂ ಬದಿ ಚರಂಡಿ ಬಂತು. ಅಲ್ಲೊಂದು ಇಲ್ಲೊಂದು ಇದ್ದ ಹಳೆಯ ಗಿಡಗಳು ಹೋದವು. ಮೊದಲೇ ನಮ್ಮೂರಿನ ಬಿಸಿಲು, ಅದರ ಮೇಲೆ ಬಿಳಿ ಸಿಮೆಂಟು. ಮಧ್ಯಾಹ್ನ ಗೇಟು ತೆಗೆದರೆ ಒಲೆಯ ಬಾಯಿ ತೆಗೆದ ಹಾಗಾಗುತ್ತಿತ್ತು. ಓಣಿಯವರೆಲ್ಲ ಸೇರಿ ಗಿಡ ಹಚ್ಚೋಣ ಅಂದುಕೊಂಡಾಗ, "ನೀವು ಸೈನ್ಸ್ ಟೀಚರ್, ನೀವೇ ಹೇಳ್ರಿ" ಎಂದು ನನ್ನನ್ನು ಮುಂದೆ ಮಾಡಿದರು. ನಾನು ಯಾವುದೋ ದೊಡ್ಡ ರಸ್ತೆಯ ನಡುವೆ ಕೊನೊಕಾರ್ಪಸ್ ಗಿಡಗಳನ್ನು ನೋಡಿದ್ದೆ. ವರ್ಷವಿಡೀ ಹಸಿರು, ದನ ಮುಟ್ಟುವುದಿಲ್ಲ, ನೋಡನೋಡುತ್ತ ಬೆಳೆಯುತ್ತದೆ. ಇನ್ನೇನು ಬೇಕು ಅನ್ನಿಸಿತು. ಎರಡೂ ಬದಿಗೆ ಅವನ್ನೇ ಹಾಕಿಸಿದೆ. ಎರಡು ವರ್ಷದಲ್ಲಿ ಅವು ಕಾಂಪೌಂಡು ದಾಟಿ ನಿಂತಾಗ ನನ್ನ ಹೆಮ್ಮೆಗೆ ಮಿತಿ ಇರಲಿಲ್ಲ. ಬಂದ ನೆಂಟರಿಗೆಲ್ಲ ಕರೆದು ತೋರಿಸುತ್ತಿದ್ದೆ.

ಅವು ಕುಡಿಯುತ್ತಿದ್ದದ್ದು ಚಾಚಾನ ಮನೆಯ ನೀರು ಅನ್ನುವುದು ಈಗ ತಿಳಿಯಿತು.

ಅದು ರಂಜಾನ್ ತಿಂಗಳು. ಬಿರು ಬೇಸಿಗೆ. ನಮ್ಮಲ್ಲಿ ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಬಂದಾಗ ತುಂಬಿಟ್ಟುಕೊಳ್ಳದಿದ್ದರೆ ಮುಂದಿನ ಸರದಿಯವರೆಗೆ ಗತಿಯಿಲ್ಲ. ಚಾಚಾ ಮತ್ತು ಅವರ ಮನೆಯವರು ಹದಿನೈದು ದಿನ ಅಕ್ಕಪಕ್ಕದವರ ಕೊಡ ತಂದು ಸಂಜೆ ರೋಜಾದ ಉಪವಾಸ ಬಿಟ್ಟಿದ್ದರು. ಒಂದು ಸಂಜೆ ಚಾಚಿ ನಮ್ಮ ಮನೆಗೂ ಬಂದು ಒಂದು ಬಿಂದಿಗೆ ಒಯ್ದಿದ್ದರು. ನಾನು "ಏನ್ ಚಾಚಿ, ಮೋಟಾರ್ ಕೆಟ್ಟದೇನು?" ಎಂದು ಕೇಳಿ ಸುಮ್ಮನಾಗಿದ್ದೆ.

"ತಪ್ಪಾತು ಚಾಚಾ," ಅಂದೆ. "ನಂದೇ ತಪ್ಪು. ಪೈಪ್ ನಾ ರಿಪೇರಿ ಮಾಡಸ್ತೀನಿ."

"ಪೈಪ್ ಆಗ್ಯಾದ, ಬಿಡ್ರಿ. ನಿಮ್ಮ ಮ್ಯಾಲ ಗುಸ್ಸಾ ಇಲ್ಲ. ಗಿಡದ ಮ್ಯಾಲೂ ಇಲ್ಲ. ಅದಕ್ಕ ಏನ್ ಗೊತ್ತು, ಮಣ್ಣು ಯಾವ್ದು, ಪೈಪ್ ಯಾವ್ದು? ನೀರ್ ಎಲ್ಲಿ ಅದ ಅಲ್ಲಿ ಹೋಗ್ಯಾದ." ಬೇರಿನ ಮುದ್ದೆಯನ್ನು ನಮ್ಮ ಕಟ್ಟೆಯ ಮೇಲಿಟ್ಟು ಕೈ ಒರೆಸಿಕೊಂಡರು. "ಆದ್ರ ಇವು ಇಲ್ಲಿ ಬ್ಯಾಡ. ಬ್ಯಾರೆ ಹಚ್ಚೋಣ. ಈ ಸಲ ಕೇಳಿ ಹಚ್ಚೋಣ."

ಆ ಮನುಷ್ಯ ಒಂದು ಮಾತು ಜೋರಾಗಿ ಆಡಿದ್ದರೆ ನಾನು ಇನ್ನೆಂದೂ ಗಿಡದ ಸುದ್ದಿಗೆ ಹೋಗುತ್ತಿರಲಿಲ್ಲ. ಅವರು ಆಡಲಿಲ್ಲ. ಅದಕ್ಕೆ ನಾನು ಇವತ್ತಿಗೂ ಋಣಿ.

ಚಾಚಾ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಹುಮನಾಬಾದಿನ ದಾರಿ ಅವರಿಗೆ ಅಂಗೈ ಇದ್ದಹಾಗೆ. ಯಾವ ಊರಿನ ಸ್ಟಾಪಿನಲ್ಲಿ ಹುಣಸೆ ಇದೆ, ಎಲ್ಲಿ ಆಲದ ಕೆಳಗೆ ಬಸ್ಸು ನಿಲ್ಲಿಸಿದರೆ ಸ್ಟೇರಿಂಗು ತಣ್ಣಗಿರುತ್ತದೆ, ಎಲ್ಲಿಯ ಗುಲ್‌ಮೊಹರ್ ಗಾಳಿಗೆ ಟೊಂಗೆ ಮುರಿದು ರಸ್ತೆಗೆ ಬೀಳುತ್ತದೆ, ಎಲ್ಲ ಗೊತ್ತು. ಅದೇ ದಾರಿಯ ಕಮಲಾಪುರದಲ್ಲಿ ಒಬ್ಬ ಅಜ್ಜಿ ಸಸಿ ಬೆಳೆಸುತ್ತಾಳೆಂದು, ತಾವು ಬಸ್ಸು ನಿಲ್ಲಿಸಿ ಆಕೆಯ ತೋಟದ ಕೆಂಪು ಬಾಳೆಹಣ್ಣು ಕೊಳ್ಳುತ್ತಿದ್ದರೆಂದು ಹೇಳಿದರು. ಹಬ್ಬ ಮುಗಿದ ಮೇಲೆ, ಓಣಿಯ ಕೊನೊಕಾರ್ಪಸ್ ತೆಗೆಯಲು ಅನುಮತಿ ಕೇಳಿ ಅರ್ಜಿ ಕೊಟ್ಟು, ನಾವಿಬ್ಬರೂ ಒಂದು ದಿನ ಬಸ್ಸು ಹತ್ತಿದೆವು.

ಕಮಲಾಪುರ ದೂರವೇನಲ್ಲ, ಒಂದು ತಾಸಿನ ದಾರಿ. ನಮ್ಮ ಊರಿನ ಕಪ್ಪು ಎರೆ ಮಣ್ಣು ಹಿಂದೆ ಬಿದ್ದು ಅಲ್ಲಿ ನೆಲ ಕೆಂಪಗಾಗುತ್ತದೆ. ಅಜ್ಜಿಯ ತೋಟ ಊರ ಅಂಚಿನಲ್ಲಿತ್ತು. ಬಾಳೆಯ ಸಾಲಿನ ಪಕ್ಕದಲ್ಲಿ ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದ ಚಪ್ಪರ, ಅದರ ಕೆಳಗೆ ಸಾಲು ಸಾಲು ಸಸಿ. ಹಣೆಗೆ ವಿಭೂತಿ ಹಚ್ಚಿ, ಸೀರೆಯ ಕಚ್ಚೆ ಮೇಲೆ ಕಟ್ಟಿದ್ದ ಆ ಸಣ್ಣ ದೇಹದ ಮುದುಕಿ ಚಾಚಾನ ಗುರುತು ಹಿಡಿದು ನಕ್ಕಳು, ನಮ್ಮಿಬ್ಬರ ಕೈಗೂ ಒಂದೊಂದು ಕೆಂಪು ಬಾಳೆಹಣ್ಣು ಕೊಟ್ಟಳು.

ನಾನು ಪಟ್ಟಿ ಬರೆದುಕೊಂಡು ಹೋಗಿದ್ದೆ. ಈ ಸಲ ತಪ್ಪಬಾರದೆಂದು ಪುಸ್ತಕ ಓದಿ, ಕಕ್ಕೆ, ಆಕಾಶಮಲ್ಲಿಗೆ, ಗುಲ್‌ಮೊಹರ್, ಹೀಗೆ ಹೂ ಬಿಡುವ ಚಂದದ ಗಿಡಗಳನ್ನೆಲ್ಲ ಬರೆದಿದ್ದೆ. ಓದಿ ಹೇಳಿದೆ. ಅಜ್ಜಿ ಕೊನೆಯವರೆಗೂ ಕೇಳಿದಳು.

"ಗಿಡ ಕೊಡಂಗಿಲ್ಲ ಯವ್ವಾ," ಅಂದಳು.

"ಯಾಕವ್ವಾ?"

"ನಿಂದ್ರೋ ಜಾಗಾದ ಸುದ್ದೀನೇ ಹೇಳ್ಲಿಲ್ಲಲ್ಲ ನೀ. ಬರೇ ಗಿಡದ ಸುದ್ದಿ ಹೇಳ್ದಿ. ನಿಮ್ಮ ಓಣ್ಯಾಗ ಮ್ಯಾಲ ಕರೆಂಟಿನ ವಾಯರ್ ಯಾವ ಬಾಜೂಕ ಅದ?"

ನಾನು ಚಾಚಾನ ಮುಖ ನೋಡಿದೆ. ಅವರೇ ಹೇಳಿದರು, ತಮ್ಮ ಮನೆಯ ಬದಿಗೆ.

"ಕೆಳಗ ಪೈಪು?"

"ಅದೂ ನಮ್ಮ ಕಡೀನೇ."

"ಬಿಸಲು ಯಾವ ಹೊತ್ತಿನಾಗ ಎಲ್ಲಿ ಬೀಳ್ತದ? ಮಣ್ಣು ಎಷ್ಟು ಆಳ ಅದ, ಪರ್ಸಿ ಕಲ್ಲು ಎಲ್ಲಿ ಹತ್ತತದ? ಬ್ಯಾಸಗ್ಯಾಗ ನೀರ್ ಯಾರ್ ಹಾಕ್ತಾರ? ಓಣ್ಯಾಗ ದಿನಾ ಯಾರ್ ನಿಂದರ್ತಾರ?"

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವಳು, ಸಸಿಗಳ ನಡುವೆ ಕಲ್ಲಿನ ಮೇಲೆ ಕೂತು ಒಂದನೇ ಇಯತ್ತೆಯ ಹುಡುಗಿಯ ಹಾಗೆ ನೆಲ ನೋಡಿದೆ. ಅಜ್ಜಿಗೆ ಕನಿಕರ ಬಂತೇನೋ.

"ಹೋಗಿ ಓಣಿ ಕೇಳ್ಕೊಂಡು ಬಾ. ಮಳಿ ಬೀಳಾಕ ಇನ್ನೂ ಟೈಮ್ ಅದ. ಸಸಿ ಎಲ್ಲೀ ಓಡಿ ಹೋಗಂಗಿಲ್ಲ."

ಬರಿಗೈಲಿ ವಾಪಸು ಬಂದೆವು. ಬಸ್ಸಿನಲ್ಲಿ ಚಾಚಾ ನಗುತ್ತಲೇ ಇದ್ದರು. ನನಗೆ ಅವಮಾನವೂ ಆಗಿತ್ತು, ಒಳಗೊಳಗೆ ಖುಷಿಯೂ ಆಗಿತ್ತು. ಗಿಡ ಮಾರುವವರು ಗಿಡ ಕೊಡುವುದಿಲ್ಲ ಅಂದದ್ದನ್ನು ನಾನು ಮೊದಲ ಸಲ ಕೇಳಿದ್ದು.

ಮರುದಿನದಿಂದ ಒಂದು ನೋಟುಪುಸ್ತಕ ಹಿಡಿದು ಓಣಿಯಲ್ಲಿ ಅಡ್ಡಾಡತೊಡಗಿದೆ. ಹನ್ನೆರಡು ವರ್ಷದಿಂದ ಇದ್ದ ಓಣಿ, ಆದರೆ ಬೆಳಿಗ್ಗೆ ಎಂಟಕ್ಕೆ ನೆರಳು ಎಲ್ಲಿರುತ್ತದೆ, ಹನ್ನೊಂದಕ್ಕೆ ಎಲ್ಲಿರುತ್ತದೆ ಎಂದು ನೋಡಿಯೇ ಇರಲಿಲ್ಲ. ಸ್ಕೂಲಿಗೆ ಹೋಗುವುದು, ಬರುವುದು, ಗೇಟು ಹಾಕುವುದು, ಅಷ್ಟೇ. ಚಾಚಾ ಒಂದು ಸಲಾಕಿ ತಂದು ಅಲ್ಲಲ್ಲಿ ನೆಲ ಚುಚ್ಚಿ ನೋಡಿದರು. ಕೆಲವು ಕಡೆ ಮೊಣಕಾಲಿನ ಆಳಕ್ಕೇ ಪರ್ಸಿ ಕಲ್ಲು ಠಣ್ ಅನ್ನುತ್ತಿತ್ತು.

ಮನೆಮನೆಗೂ ಹೋದೆವು. ಒಬ್ಬರಿಗೆ ಮಾವೇ ಬೇಕು. ಒಬ್ಬರಿಗೆ ಎಲೆ ಉದುರುವ ಯಾವ ಗಿಡವೂ ಬೇಡ, ಕಸ ಯಾರು ಹೊಡೆಯಬೇಕು ಅಂದರು. ನಮ್ಮ ಪಕ್ಕದಲ್ಲಿ ದಂತವೈದ್ಯರ ಕ್ಲಿನಿಕ್ಕು ಇದೆ. ಡಾಕ್ಟರು ಬಾಗಿಲಿಗೇ ಬಂದು, "ಮೇಡಂ, ನನ್ನ ಬೋರ್ಡ್ ಮುಚ್ಚೋ ಗಿಡ ಮಾತ್ರ ಹಚ್ಚಬ್ಯಾಡ್ರಿ. ಹೊಸಾ ಪೇಶಂಟ್ ಬರೋದೇ ಬೋರ್ಡ್ ನೋಡಿ," ಅಂದರು. ಅದನ್ನೂ ಬರೆದುಕೊಂಡೆ.

"ದಿನಾ ಯಾರ್ ನಿಂದರ್ತಾರ" ಅನ್ನುವ ಅಜ್ಜಿಯ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿರಲಿಲ್ಲ. ಮನೆಯವರು ಯಾರೂ ಓಣಿಯಲ್ಲಿ ನಿಲ್ಲುವುದಿಲ್ಲ. ಒಳಗೆ ಫ್ಯಾನಿನ ಕೆಳಗಿರುತ್ತಾರೆ. ಹಾಗೆ ಯೋಚಿಸುತ್ತಿದ್ದಾಗ ಕಣ್ಣಿಗೆ ಬಿದ್ದವಳು ಸೊಪ್ಪು-ಪಲ್ಲೆ ಮಾರುವ ಅಕ್ಕ. ತಾಜಸುಲ್ತಾನಪುರದಿಂದ ದಿನಾ ಟಂಟಂ ಆಟೋದಲ್ಲಿ ಪುಂಡಿಪಲ್ಲೆ, ಮೆಂತ್ಯ, ರಾಜಗಿರಿಯ ಬುಟ್ಟಿ ತಂದು ಕ್ಲಿನಿಕ್ಕಿನ ಗೋಡೆಗೆ ಒರಗಿ ಕೂರುತ್ತಾಳೆ. ಎಷ್ಟೋ ವರ್ಷದಿಂದ ಆಕೆಯ ಹತ್ತಿರ ಪಲ್ಲೆ ಕೊಂಡಿದ್ದೇನೆ. ಆಕೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಅಕ್ಕಾ, ಇಲ್ಲಿ ಗಿಡ ಹಚ್ಚಾಕತ್ತೀವಿ. ನಿನಗ ಎಂಥಾ ಗಿಡ ಬೇಕು?"

ಆಕೆ ತಮಾಷೆ ಅಂದುಕೊಂಡಳು. "ನನ್ನ ಕೇಳ್ತೀರೇನ್ರಿ ಬಾಯಾರ? ನಂದು ಮನಿ ಇಲ್ಲೈತೇನು?"

"ಖರೇನೇ ಕೇಳಾಕತ್ತೀನಿ."

ಆಕೆ ಗೋಡೆಯನ್ನು ತೋರಿಸಿದಳು. "ಹತ್ತರ ತನಕ ಈ ಗ್ವಾಡಿ ನೆಳ್ಳು ಇರ್ತದ್ರಿ. ಆಮ್ಯಾಲ ಹೋಗ್ತದ. ಹನ್ನೊಂದಕ್ಕ ಪಲ್ಲೆ ಬಾಡಾಕ ಶುರು ಆಗ್ತದ. ನಂದೇನದ, ತಲೀಗಿ ಸೆರಗ ಹೊತ್ಕೋತೀನಿ. ಪಲ್ಲೆಗಿ ಏನ್ ಹೊಚ್ಚಲಿ? ಚೈತ್ರದಾಗ ಎಲಿ ಉದುರದ ಗಿಡ ಇದ್ರ ಹಚ್ರಿ. ಹೂ ಇರ್ಲಿ ಬಿಡ್ಲಿ."

ನನ್ನ ಪಟ್ಟಿಯ ಮೇಲಿದ್ದ ಕಕ್ಕೆ ಚೈತ್ರದಲ್ಲಿ ಮೈತುಂಬ ಹಳದಿ ಹೂ ಬಿಟ್ಟು ಎಲೆಯೇ ಇಲ್ಲದೆ ನಿಲ್ಲುತ್ತದೆ. ಫೋಟೋಗೆ ಚಂದ. ಆಕೆಯ ಪಲ್ಲೆಗೆ ಅದರಿಂದ ಏನೂ ಉಪಯೋಗವಿಲ್ಲ. ಅಲ್ಲೇ ನಿಂತು ಅದರ ಹೆಸರು ಹೊಡೆದುಹಾಕಿದೆ.

ಮುಂಗಾರಿಗೆ ಮುಂಚೆ ಮತ್ತೆ ಕಮಲಾಪುರಕ್ಕೆ ಹೋದೆವು. ಈ ಸಲ ನೋಟುಪುಸ್ತಕ ತೆಗೆದು ಒಂದೊಂದಾಗಿ ಹೇಳಿದೆ. ಅಜ್ಜಿ ಪಲ್ಲೆಯ ಅಕ್ಕನ ಮಾತು ಬಂದಾಗ, "ಹಾಂ, ಇಕೀಗಿ ತಿಳೀತದ ನೋಡು," ಅಂದು ಎದ್ದು ಸಸಿಗಳ ಸಾಲಿಗೆ ನಡೆದಳು.

ತಂತಿಯೂ ಪೈಪೂ ಇದ್ದ ಚಾಚಾನ ಬದಿಗೆ ಬಿಳಿ ಮಂದಾರ ಆರಿಸಿದಳು. ಆಳೆತ್ತರಕ್ಕಿಂತ ತುಸು ಮೇಲೆ ಹೋಗಿ ನಿಲ್ಲುತ್ತದೆ, ಲೈನ್‌ಮನ್ ಬಂದು ಕೊಂಬೆ ಕಡಿಯುವ ಕಾರಣ ಬರುವುದಿಲ್ಲ, ಬೇರೂ ಸಣ್ಣದು. ನಮ್ಮ ಬದಿಗೆ ನಾವು ಪುಸ್ತಕದಲ್ಲಿ ಹೊಂಗೆ ಅನ್ನುವ, ಆಕೆ ಹುಲಗಲ ಅನ್ನುವ ಗಿಡ. ಶಿವರಾತ್ರಿಯ ಸುಮಾರಿಗೆ ಹಳೆಯ ಎಲೆ ಉದುರಿಸಿ, ಬಿಸಿಲು ಏರುವಷ್ಟರಲ್ಲಿ ಹೊಸ ಎಲೆ ಹೊದ್ದುಕೊಂಡಿರುತ್ತದೆ. ಓಣಿಯ ತುದಿಯಲ್ಲಿ ಮಣ್ಣು ಆಳವಿದ್ದ ಎರಡು ಜಾಗಕ್ಕೆ ಬೇವು. ಕ್ಲಿನಿಕ್ಕಿನ ಬೋರ್ಡಿನ ವಿಷಯ ಹೇಳಿದಾಗ, "ಕೆಳಗಿನ ಟೊಂಗಿ ಕಡದು ಎತ್ತರಕ್ಕ ಒಯ್ರಿ. ಬೋರ್ಡು ಕೆಳಗ ಇರ್ತದ, ನೆಳ್ಳು ಮ್ಯಾಲ ಇರ್ತದ," ಅಂದಳು. ಸಣ್ಣ ಸಸಿ ಕೊಡಲಿಲ್ಲ. ನನ್ನ ಎತ್ತರ ಬೆಳೆದವನ್ನೇ ಕೊಟ್ಟಳು. ಜೊತೆಗೆ ನಾವು ತಂದಿದ್ದ ಬಾಡಿಗೆ ಟೆಂಪೋದಲ್ಲಿ ಹತ್ತು ಚೀಲ ಕೆಂಪು ಮಣ್ಣು ತುಂಬಿಸಿದಳು. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಳೆ ಬೇರನ್ನು ಹರಿಯುತ್ತದೆ, ಗುಂಡಿಯಲ್ಲಿ ಇದನ್ನು ಬೆರೆಸಿರಿ ಎಂದಳು.

ಅಷ್ಟರಲ್ಲಿ ಅನುಮತಿಯೂ ಬಂದು ಹಳೆಯ ಗಿಡಗಳನ್ನು ತೆಗೆಸಿದ್ದೆವು. ಮೊದಲ ದೊಡ್ಡ ಮಳೆಯಾದ ಮೂರನೆಯ ದಿನ ಹೊಸ ಗುಂಡಿ ತೋಡಿದೆವು. ಕಲ್ಲು ಹತ್ತಿದ ಕಡೆ ಚಾಚಾ ಗಂಟೆಗಟ್ಟಲೆ ಸಲಾಕಿ ಹಾಕಿ ಸೀಳಿದರು, ನಾನು ಚೂರುಗಳನ್ನು ಬುಟ್ಟಿಯಲ್ಲಿ ಹೊತ್ತೆ. ಪಲ್ಲೆಯ ಅಕ್ಕ ತನ್ನ ಜಾಗದ ಗಿಡವನ್ನು ತಾನೇ ನೆಟ್ಟಳು. ಮಣ್ಣು ತುಳಿದು, ಗಿಡಕ್ಕೆ ಕೈಮುಗಿದು, ನಮ್ಮ ಕಡೆ ನೋಡಿ ನಾಚಿದಳು.

ಮಳೆಗಾಲ, ಚಳಿಗಾಲ ಚೆನ್ನಾಗಿ ಕಳೆದವು. ಮುಂದಿನ ಬೇಸಿಗೆ ಶುರುವಾಗುತ್ತಿದ್ದಂತೆ ನಾನು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡೆ. ಎರಡು ತಿಂಗಳ ಪ್ಲಾಸ್ಟರು. ನಾವಿರುವುದು ಮೇಲಿನ ಮಹಡಿಯಲ್ಲಿ, ನನ್ನ ಕೋಣೆಯ ಕಿಟಕಿ ಹಿತ್ತಲಿಗೆ. ಮೆಟ್ಟಿಲು ಇಳಿಯುವ ಹಾಗಿಲ್ಲ. ಅಲ್ಲಿಯವರೆಗೆ ನೀರು ಹಾಕುವ ಕೆಲಸವನ್ನು ಹೆಚ್ಚಾಗಿ ನಾನೇ ನೋಡಿಕೊಂಡಿದ್ದೆ. ಮೊದಲ ಬೇಸಿಗೆ ದಾಟಿದರೆ ಮಾತ್ರ ಗಿಡ ನಮ್ಮದು ಎಂದು ಅಜ್ಜಿ ಹೇಳಿದ್ದಳು. ಹಾಸಿಗೆಯ ಮೇಲೆ ಮಲಗಿ, ಬಿಸಿಲು ಗೋಡೆಯ ಮೇಲೆ ಏರುವುದನ್ನು ನೋಡುತ್ತ, ಇವತ್ತು ಎಷ್ಟು ಒಣಗಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ನನ್ನ ಯಜಮಾನರು, "ಎಲ್ಲಾ ಆರಾಮ ಅದಾವ," ಅನ್ನುತ್ತಿದ್ದರು. ರೋಗಿಗೆ ಹೇಳುವ ಮಾತು ಎಂದು ನಾನು ನಂಬಲಿಲ್ಲ. ಒಂದು ದಿನ ಸಿಟ್ಟಿಗೆದ್ದು, "ಸತ್ತಿದ್ರ ಸತ್ತಾವ ಅಂತ ಹೇಳ್ರಿ," ಎಂದು ಕೂಗಾಡಿದೆ. ಅವರು ಹೋಗಿ ಚಹಾ ಮಾಡಿಕೊಂಡು ಬಂದರು.

ಪ್ಲಾಸ್ಟರು ತೆಗೆದ ಮರುದಿನ ಅವರ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. ಗೇಟು ತೆಗೆದರು. ನಮ್ಮ ಮುಂದಿನ ಹೊಂಗೆ ಹೊಸ ಎಲೆಯಲ್ಲಿ ಮಿರಮಿರ ಮಿಂಚುತ್ತ ನಿಂತಿತ್ತು. ಅದರಾಚೆಯದೂ. ಅದರಾಚೆಯದೂ. ಕೈಯಲ್ಲಿ ಕೋಲು ಹಿಡಿದು ಓಣಿಯ ತುದಿಯವರೆಗೆ ಹೋದೆ. ತಿರುವಿನಲ್ಲಿದ್ದ ಒಂದು ಮಾತ್ರ ಒಣಗಿತ್ತು. ಉಳಿದವೆಲ್ಲ ಬದುಕಿದ್ದವು.

ಪ್ರತಿ ಬುಡದಲ್ಲೂ ಒಂದೊಂದು ಮಣ್ಣಿನ ಗಡಿಗೆ ಕತ್ತಿನವರೆಗೆ ಹೂತಿತ್ತು. ಬಗ್ಗಿ ನೋಡಿದರೆ ಅದರ ತಳಕ್ಕೆ ತೂತು, ನೀರು ಮೆಲ್ಲಗೆ ಇಳಿಯಲೆಂದು ತೂತಿಗೆ ಬಟ್ಟೆಯ ಬತ್ತಿ. ಚಾಚಾನ ಕೆಲಸ. ಪಲ್ಲೆಯ ಅಕ್ಕ ಮನೆಗೆ ಹೊರಡುವಾಗ ಪಲ್ಲೆಗೆ ಚಿಮುಕಿಸಿ ಉಳಿದ ನೀರನ್ನು ಗಡಿಗೆಗಳಿಗೆ ಸುರಿದು ಹೋಗುತ್ತಿದ್ದಳಂತೆ. ಎಲೆಯ ಕಸ ಬೇಡ ಅಂದಿದ್ದ ಮನೆಯವರು ಅಕ್ಕಿ ತೊಳೆದ ನೀರು ಹಾಕುತ್ತಿದ್ದರಂತೆ. ನನಗೆ ಹೆಚ್ಚು ಆಶ್ಚರ್ಯವಾದದ್ದು ಕ್ಲಿನಿಕ್ಕಿನ ಮುಂದೆ: ಡಾಕ್ಟರು ತಮ್ಮ ಏಸಿಯಿಂದ ಹನಿಯುವ ನೀರಿಗೆ ಒಂದು ಸಣ್ಣ ಪೈಪು ಜೋಡಿಸಿ, ಗೋಡೆಯಗುಂಟ ಇಳಿಸಿ, ಗಿಡದ ಬುಡಕ್ಕೆ ಬಿಟ್ಟಿದ್ದರು. ನನ್ನನ್ನು ನೋಡಿ ಹೊರಗೆ ಬಂದು, "ಹೆಂಗೂ ವೇಸ್ಟ್ ಆಗ್ತಿತ್ತಲ್ರಿ ಮೇಡಂ," ಅಂದರು.

ನಾನು ಅಲ್ಲಿ ಓಣಿಯ ನಡುವೆ ನಿಂತು ಅತ್ತುಬಿಟ್ಟೆ. ಕಾಲು ನೋಯುತ್ತಿದೆಯೆಂದು ತಿಳಿದು ಪಲ್ಲೆಯ ಅಕ್ಕ ಎದ್ದು ತನ್ನ ಗೋಣಿಚೀಲ ಹಾಸಿ ಕೂರಿಸಿದಳು. ಅಳುತ್ತಲೇ ನನಗೆ ನಗು ಬಂತು. ಮನೆಯಲ್ಲಿ ಮಲಗಿ ನಾನು ಎಣಿಸಿದ್ದು ನನ್ನ ಗಿಡಗಳು ಸಾಯುತ್ತಿವೆ ಎಂದು. ಅವು ನನ್ನವು ಎಂದು ಯಾರು ಹೇಳಿದ್ದರು?

ಅದಾಗಿ ಈಗ ಮೂರು ಬೇಸಿಗೆ ಕಳೆದಿವೆ. ಹೊಂಗೆಗಳು ಮಹಡಿಯ ಕಿಟಕಿಗೆ ಬಂದಿವೆ. ಪಲ್ಲೆಯ ಅಕ್ಕ ಮಧ್ಯಾಹ್ನ ಒಂದರವರೆಗೂ ಕೂರುತ್ತಾಳೆ. ಪಕ್ಕದಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ಬಂದು ಕೂತಿದ್ದಾರೆ, ಕೊರಿಯರ್ ಹುಡುಗರ ಗಾಡಿಗಳು ಬಂದು ನಿಲ್ಲುತ್ತವೆ. ಮಂದಾರಗಳು ತಂತಿಯ ಕೆಳಗೆ ಸುಮ್ಮನೆ ಬಿಳಿ ಹೂ ಬಿಡುತ್ತವೆ. ಚಾಚಿ ಆ ಹೂಗಳನ್ನು ಕಿತ್ತು ನಮ್ಮ ದೇವರಿಗೆ ಕಳಿಸುತ್ತಾರೆ.

ಕಳೆದ ಚಳಿಗಾಲದಲ್ಲಿ ಕಮಲಾಪುರದ ಅಜ್ಜಿ ಕಣ್ಣಿನ ಪೊರೆ ತೆಗೆಸಲು ಕಲಬುರಗಿಗೆ ಬಂದಳು. ಹಟ ಹಿಡಿದು ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ, ಕಪ್ಪು ಕನ್ನಡಕ ಹಾಕಿಕೊಂಡು, "ಓಣಿ ತೋರ್ಸು," ಅಂದಳು. ನಾನೂ ಚಾಚಾನೂ ಆಕೆಯ ಎರಡು ಬದಿಗೆ ನಡೆದೆವು. ಒಂದೊಂದು ಗಿಡದ ಹತ್ತಿರವೂ ನಿಂತು ಕಾಂಡದ ಮೇಲೆ ಕೈಯಾಡಿಸಿ ಮುಂದೆ ಹೋದಳು. ಹೊಗಳಲಿಲ್ಲ. ಒಂದು ಹೊಂಗೆಯ ಬಳಿ ಕೈ ನಿಂತಿತು. ಸಣ್ಣದಿದ್ದಾಗ ಆಸರೆಯ ಕೋಲಿಗೆ ಕಟ್ಟಿದ್ದ ಹಗ್ಗ ಇನ್ನೂ ಹಾಗೇ ಇತ್ತು, ಸಿಪ್ಪೆಯೊಳಗೆ ಇಳಿಯತೊಡಗಿತ್ತು.

"ಇದ್ಯಾಕ ಬಿಚ್ಚಿಲ್ಲ?" ದನಿ ಏರಿತು. "ನಿಂದ್ರಾಕ ಕಲ್ತ ಮ್ಯಾಲ ಬಿಡಬೇಕಲ್ಲ!"

ತಿರುವಿನ ಹತ್ತಿರ ಬಂದಾಗ, ಸತ್ತ ಗಿಡದ ಜಾಗ ತೋರಿಸಿ, ಇಲ್ಲಿಗೆ ಯಾವುದು ಹಚ್ಚಲಿ ಎಂದು ಕೇಳಿದೆ. ಅಷ್ಟರಲ್ಲಿ ನೀರಿನ ಟ್ಯಾಂಕರೊಂದು ಬಂದು, ಆ ಖಾಲಿ ಜಾಗದ ಮೇಲೆ ಒಂದು ಗಾಲಿ ಹತ್ತಿಸಿ ತಿರುಗಿಕೊಂಡು ಹೋಯಿತು. ಅಜ್ಜಿ ನನ್ನ ಕಡೆ ನೋಡಿದಳು.

"ಇಲ್ಲಿ ಏನೂ ಬ್ಯಾಡ. ಖಾಲಿ ಇರ್ಲಿ. ಗಾಡಿಗೀ ಜಾಗಾ ಬೇಕಲ್ಲ."

ಮರುದಿನ ಚಾಚಾ ಆಕೆಯನ್ನು ಬಸ್ಸಿಗೆ ಹತ್ತಿಸಿ, ಡ್ರೈವರಿಗೆ ಸಲಾಂ ಹೇಳಿ, ಮುದುಕಿಯನ್ನು ಕಮಲಾಪುರದಲ್ಲಿ ನಿಧಾನಕ್ಕೆ ಇಳಿಸಬೇಕೆಂದು ಎರಡು ಸಲ ಹೇಳಿದರು. ನಾನು ಕಿಟಕಿಯ ಹತ್ತಿರ ಹೋಗಿ ಆಕೆಯ ಕೈ ಹಿಡಿದೆ. ಆಕೆ ನನ್ನ ಕೆನ್ನೆ ತಟ್ಟಿ, "ಹಗ್ಗ ಇವತ್ತೇ ಬಿಚ್ಚು," ಅಂದಳು.

ಮನೆಗೆ ಬಂದವರೇ ಅಡುಗೆ ಮನೆಯ ಚಾಕು ತೆಗೆದುಕೊಂಡು ಓಣಿಗೆ ಇಳಿದೆವು. ಸಂಜೆಯಾಗುವಷ್ಟರಲ್ಲಿ ಗಿಡಗಳಲ್ಲಿ ಇನ್ನೂ ಉಳಿದಿದ್ದ ಎಲ್ಲ ಹಗ್ಗವನ್ನೂ ಕತ್ತರಿಸಿ ಮುಗಿಸಿದ್ದೆವು.